ಡಬ್ಬಿಯಲ್ಲಿರುವುದು ಕಫವೋ, ಉಗುಳೋ?

ಬೆಳಿಗ್ಗೆ ಪ್ರಯೋಗಾಲಯಕ್ಕೆ ಬಂದು ಕೈಗವಸು ಹಾಕಿಕೊಂಡ ಮೇಲೆ ನಾನು ಮೊದಲು ಮಾಡುವ ಕೆಲಸವೆಂದರೆ, ಅಂದು ಬಂದಿರುವ ಕಫದ ಡಬ್ಬಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುವುದು. ಮುಚ್ಚಳ ತೆಗೆಯುವ ಅಗತ್ಯ ಆಗ ಇರುವುದಿಲ್ಲ. ಡಬ್ಬಿಯನ್ನು ಮೆಲ್ಲಗೆ ವಾಲಿಸಿದಾಗ ಒಳಗಿರುವುದು ನೀರಿನಂತೆ ಸರ್ರನೆ ಒಂದು ಬದಿಗೆ ಹರಿದು, ಮೇಲೆ ಬಿಳಿ ನೊರೆ ನಿಂತರೆ ಅದು ಉಗುಳು. ಗೋಡೆಗೆ ಅಂಟಿಕೊಂಡು, ಮುದ್ದೆಯಾಗಿ, ಬಿಡಲೋ ಬೇಡವೋ ಎಂಬಂತೆ ನಿಧಾನವಾಗಿ ಜಾರಿದರೆ ಅದು ಕಫ. ಇಷ್ಟು ನೋಡುವುದಕ್ಕೆ ಐದು ಸೆಕೆಂಡು ಸಾಕು. ಆ ಡಬ್ಬಿಯ ಮೇಲೆ ಮುಂದೆ ಗಂಟೆಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ನಡೆಯುವ ಕೆಲಸ ರೋಗಿಗೆ ಉಪಯೋಗವಾಗುತ್ತದೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆ ಐದು ಸೆಕೆಂಡುಗಳಲ್ಲೇ ತಿಳಿದುಬಿಡುತ್ತದೆ.

ಶ್ವಾಸಕೋಶದ ಸೋಂಕನ್ನು ಗುರುತಿಸಲು ಕಫ ಪರೀಕ್ಷೆ ಮಾಡಿಸಿ ಎಂದು ವೈದ್ಯರು ಬರೆದುಕೊಟ್ಟಾಗ ಜನರ ಮನಸ್ಸೆಲ್ಲ ರಿಪೋರ್ಟಿನ ಮೇಲೆ, ಯಂತ್ರದ ಮೇಲೆ ಇರುತ್ತದೆ. ರಕ್ತವಾದರೆ ನಾವೇ ಸೂಜಿ ಚುಚ್ಚಿ ತೆಗೆದುಕೊಳ್ಳುತ್ತೇವೆ, ಎಕ್ಸ್‌ರೇ ಆದರೆ ನಾವೇ ನಿಲ್ಲಿಸಿ ತೆಗೆಯುತ್ತೇವೆ. ಕಫವನ್ನು ಮಾತ್ರ ರೋಗಿಯೇ ತನ್ನ ಎದೆಯಾಳದಿಂದ ಕೆಮ್ಮಿ ತಂದು ಕೊಡಬೇಕು. ಪರೀಕ್ಷೆಯ ಮೊದಲ ಹಂತವನ್ನು ಮಾಡುವವರು ಅವರೇ. ಹಾಗಿದ್ದೂ ಅದನ್ನು ಹೇಗೆ ಮಾಡಬೇಕೆಂದು ಅವರಿಗೆ ಹೇಳಿಕೊಡುವವರು ಬಹಳ ಕಡಿಮೆ. ಡಬ್ಬಿಯನ್ನು ಕೈಗಿಟ್ಟು "ಇದರಲ್ಲಿ ಉಗುಳಿಕೊಂಡು ಬನ್ನಿ" ಎಂದು ಹೇಳಿ ಕಳಿಸಿಬಿಡುತ್ತೇವೆ. ಅವರು ನಾವು ಹೇಳಿದಂತೆಯೇ ಉಗುಳಿಕೊಂಡು ಬರುತ್ತಾರೆ. ತಪ್ಪು ಆ ಮಾತಿನಲ್ಲೇ ಇದೆ.

ಉಗುಳಿನಿಂದ ಏನೂ ಸಿಗುವುದಿಲ್ಲ ಎಂದು ಹಲವರು ತಿಳಿದಿದ್ದಾರೆ. ಏನೂ ಸಿಗದಿದ್ದರೆ ಅಷ್ಟು ತೊಂದರೆ ಇರಲಿಲ್ಲ. ಆರೋಗ್ಯವಂತರ ಬಾಯಲ್ಲೂ ಒಂದು ಮಿಲಿಲೀಟರ್ ಉಗುಳಿನಲ್ಲಿ ಸುಮಾರು 10 ಕೋಟಿ ಬ್ಯಾಕ್ಟೀರಿಯಾಗಳು ಇರುತ್ತವೆ. ಹಲ್ಲಿನ ಸಂದು, ನಾಲಿಗೆ, ಗಂಟಲು ಅವುಗಳ ಮನೆ. ಅದನ್ನು ಕಲ್ಚರ್ ತಟ್ಟೆಯ, ಅಂದರೆ ಬ್ಯಾಕ್ಟೀರಿಯಾ ಬೆಳೆಸಲು ಆಹಾರ ಹಾಕಿಟ್ಟ ತಟ್ಟೆಯ, ಮೇಲೆ ಹಚ್ಚಿದರೆ ಮರುದಿನ ತಟ್ಟೆ ತುಂಬ ಬೆಳೆದುಕೊಂಡಿರುತ್ತದೆ. ಅದರಲ್ಲಿ ಶ್ವಾಸಕೋಶದ ಸುದ್ದಿ ಒಂದಕ್ಷರವೂ ಇರದಿದ್ದರೂ, ನೋಡುವವರಿಗೆ ಏನೋ ದೊಡ್ಡದು ಸಿಕ್ಕಿತೆಂಬ ಭ್ರಮೆ ಹುಟ್ಟುತ್ತದೆ. ಆಸ್ಪತ್ರೆಯಲ್ಲಿ ಕೆಲವು ದಿನ ಮಲಗಿರುವವರ ಬಾಯಿ ಗಂಟಲಿನಲ್ಲಿ ಕ್ಲೆಬ್ಸಿಯೆಲ್ಲಾದಂತಹ ಬ್ಯಾಕ್ಟೀರಿಯಾಗಳು ಬಂದು ನೆಲೆಸಿರುವುದೂ ಉಂಟು. ಅವು ಅಲ್ಲಿ ಇರುತ್ತವೆ ಎಂದಮಾತ್ರಕ್ಕೆ ರೋಗಕ್ಕೆ ಅವೇ ಕಾರಣವಾಗಬೇಕಿಲ್ಲ.

ಈ ಮಾತನ್ನು ನಾನು ಪುಸ್ತಕದಿಂದ ಕಲಿತದ್ದಕ್ಕಿಂತ ನನ್ನ ಒಂದು ತಪ್ಪಿನಿಂದ ಕಲಿತೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ತಿಂಗಳಿನಿಂದ ಕೆಮ್ಮು ಜ್ವರ ಇದ್ದ ಒಬ್ಬರ ಡಬ್ಬಿ ಬಂತು. ತೆಳ್ಳಗಿತ್ತು, ನೊರೆಯಿತ್ತು, ವಾಪಸು ಕಳಿಸಿದರೆ ವಾರ್ಡಿನವರು ಬೇಸರ ಮಾಡಿಕೊಂಡಾರು ಎಂದು ನಾನು ಅದನ್ನು ಹಾಗೆಯೇ ತಟ್ಟೆಗೆ ಹಚ್ಚಿದೆ. ಎರಡನೆಯ ದಿನ ಕ್ಲೆಬ್ಸಿಯೆಲ್ಲಾ ಬೆಳೆದಿತ್ತು, ಹಾಗೆಂದೇ ಬರೆದುಕೊಟ್ಟೆ. ಆ ರಿಪೋರ್ಟನ್ನು ನಂಬಿ ಒಂದು ವಾರ ಪ್ರಬಲ ಆ್ಯಂಟಿಬಯಾಟಿಕ್ ಚುಚ್ಚುಮದ್ದು ಕೊಟ್ಟರು. ಜ್ವರ ಇಳಿಯಲಿಲ್ಲ. ಕೊನೆಗೆ ಹಿರಿಯ ನರ್ಸ್ ಒಬ್ಬರು ಪಕ್ಕದಲ್ಲಿ ಕುಳಿತು, ಬೆನ್ನು ತಟ್ಟಿ, ಸರಿಯಾದ ಕಫ ತೆಗೆಸಿ ಕಳಿಸಿದರು. ಅದರ ಸ್ಲೈಡಿನಲ್ಲಿ ಕ್ಷಯದ ಬ್ಯಾಸಿಲಸ್‌ಗಳು, ಅಂದರೆ ಟಿಬಿ ತರುವ ಕಡ್ಡಿಯಾಕಾರದ ಬ್ಯಾಕ್ಟೀರಿಯಾಗಳು, ಕಂಡವು. ನಾನು ಬರೆದ ಕ್ಲೆಬ್ಸಿಯೆಲ್ಲಾ ಎಂಬ ಪದ ಸುಳ್ಳಾಗಿರಲಿಲ್ಲ, ಅದು ಆ ಡಬ್ಬಿಯಲ್ಲಿ ನಿಜವಾಗಿಯೂ ಇತ್ತು. ಆದರೆ ಅದು ಅವರ ಬಾಯಿಯ ಸುದ್ದಿ, ಎದೆಯ ಸುದ್ದಿಯಾಗಿರಲಿಲ್ಲ. ಆ ಒಂದು ವಾರ ಅವರು ಅನುಭವಿಸಿದ ಜ್ವರಕ್ಕೆ, ಪಕ್ಕದ ಹಾಸಿಗೆಗಳಲ್ಲಿ ಅದೇ ಗಾಳಿಯನ್ನು ಉಸಿರಾಡಿದವರಿಗೆ ಒದಗಿದ ಅಪಾಯಕ್ಕೆ ನನ್ನ ಸಂಕೋಚ ಕಾರಣವಾಯಿತೆಂಬುದನ್ನು ನಾನು ಮರೆತಿಲ್ಲ.

ಇಂತಹ ತಪ್ಪು ಆಗದಿರಲೆಂದೇ ಕಲ್ಚರ್‌ಗೆ ಮೊದಲು ಕಫದ ಗುಣಮಟ್ಟವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿ ಇದೆ. ಕಫದಲ್ಲಿ ಕೀವಿನಂತೆ ಕಾಣುವ ಭಾಗವನ್ನು ಆರಿಸಿ ಸ್ಲೈಡಿನ ಮೇಲೆ ತೆಳ್ಳಗೆ ಹರಡಿ, ಬ್ಯಾಕ್ಟೀರಿಯಾಗಳು ಎದ್ದು ಕಾಣುವಂತೆ ಮಾಡುವ ಗ್ರಾಂ ಬಣ್ಣ ಹಾಕಿ, ಮೊದಲು ಕಡಿಮೆ ವರ್ಧನೆಯಲ್ಲಿ, ಅಂದರೆ 100 ಪಟ್ಟಿನಲ್ಲಿ, ನೋಡುತ್ತೇವೆ. ಬಾಯಿಯ ಒಳಪದರದಿಂದ ಉದುರಿದ ಜೀವಕೋಶಗಳು ಅಗಲವಾಗಿ, ಚಪ್ಪಟೆಯಾಗಿ, ಮಧ್ಯದಲ್ಲಿ ಒಂದು ಸಣ್ಣ ಚುಕ್ಕೆಯೊಂದಿಗೆ ಕಾಣುತ್ತವೆ. ಸೋಂಕಿನ ಜಾಗಕ್ಕೆ ಧಾವಿಸಿ ಬಂದ ಬಿಳಿ ರಕ್ತಕಣಗಳು ಅದಕ್ಕಿಂತ ಎಷ್ಟೋ ಚಿಕ್ಕವು, ಒಳಗಿನ ಕೇಂದ್ರ ಎರಡು ಮೂರು ತುಂಡಾದಂತೆ ಇರುತ್ತದೆ. ಒಂದು ಫೀಲ್ಡಿನಲ್ಲಿ, ಅಂದರೆ ಮಸೂರದಡಿ ಒಮ್ಮೆಗೆ ಕಾಣುವ ವೃತ್ತದಲ್ಲಿ, ಚಪ್ಪಟೆ ಕೋಶಗಳು 10ಕ್ಕಿಂತ ಕಡಿಮೆಯಿದ್ದು ಬಿಳಿ ರಕ್ತಕಣಗಳು 25ಕ್ಕಿಂತ ಹೆಚ್ಚಿದ್ದರೆ ಅದು ಒಳ್ಳೆಯ ಕಫ. ಚಪ್ಪಟೆ ಕೋಶಗಳೇ ತುಂಬಿದ್ದರೆ ಆ ಮಾದರಿಯನ್ನು ಕಲ್ಚರ್‌ಗೆ ಹಾಕದೆ, ಇನ್ನೊಂದನ್ನು ಕಳಿಸಿ ಎಂದು ಬರೆಯುತ್ತೇವೆ. ಇದಕ್ಕೆ ವಿನಾಯಿತಿಗಳೂ ಇವೆ: ರಕ್ತದಲ್ಲಿ ಬಿಳಿ ಕಣಗಳೇ ಕುಸಿದಿರುವ ರೋಗಿಯ ಕಫದಲ್ಲಿ ಅವುಗಳನ್ನು ಹುಡುಕಿ ಫಲವಿಲ್ಲ, ಕ್ಷಯದ ಪರೀಕ್ಷೆಗೂ ಈ ಎಣಿಕೆಯನ್ನು ಇಷ್ಟು ಕಟ್ಟುನಿಟ್ಟಾಗಿ ಅನ್ವಯಿಸುವುದಿಲ್ಲ. ಡಬ್ಬಿ ತಿರಸ್ಕೃತವಾಯಿತೆಂದು ಕೋಪಿಸಿಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ತಪ್ಪು ದಾರಿ ತೋರಿಸುವ ರಿಪೋರ್ಟಿಗಿಂತ ಒಂದು ದಿನ ತಡವಾದರೂ ಸರಿಯಾದ ರಿಪೋರ್ಟು ನಿಮಗೆ ಬೇಕು.

ಗ್ರಾಂ ಬಣ್ಣದ ಹುಟ್ಟೇ ಶ್ವಾಸಕೋಶದ ಸೋಂಕಿನೊಂದಿಗೆ ಬೆಸೆದುಕೊಂಡಿದೆ ಎಂಬುದು ನನಗೆ ಪ್ರಿಯವಾದ ಸಂಗತಿ. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಅವರು ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದಾಗ, ನ್ಯುಮೋನಿಯಾದಿಂದ ತೀರಿಕೊಂಡವರ ಶ್ವಾಸಕೋಶದ ಅಂಗಾಂಶದಲ್ಲಿ ಬ್ಯಾಕ್ಟೀರಿಯಾಗಳು ಎದ್ದು ಕಾಣುವಂತೆ ಮಾಡಲು ಹೊರಟು 1884ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ನೇರಳೆ ಬಣ್ಣ, ಅಯೋಡಿನ್, ಆಲ್ಕೋಹಾಲ್, ಕೊನೆಗೆ ಕೆಂಪು ಬಣ್ಣ: ಇಷ್ಟೇ ಅದರ ಸಾಮಗ್ರಿ. ಈ ಕೊನೆಯ ಕೆಂಪು ಬಣ್ಣ ಅವರ ನಂತರ ಸೇರಿದ್ದು. ಇಂದಿಗೂ ಕಫ ಬಂದ ಅರ್ಧ ಗಂಟೆಯೊಳಗೆ ವೈದ್ಯರಿಗೆ ಒಂದು ಸುಳಿವು ಕೊಡಬಲ್ಲ ಪರೀಕ್ಷೆ ಇದು. ಬಿಳಿ ರಕ್ತಕಣಗಳ ನಡುವೆ ಎರಡೆರಡಾಗಿ ಜೋಡಿಯಾಗಿ, ಹೊರತುದಿ ಚೂಪಾದ ನೇರಳೆ ಬ್ಯಾಕ್ಟೀರಿಯಾಗಳು ಗುಂಪಾಗಿ ಕಂಡರೆ ನ್ಯುಮೋನಿಯಾ ತರುವ ನ್ಯುಮೊಕಾಕಸ್ ಇರಬಹುದೆಂದು ಅಂದೇ ಫೋನು ಮಾಡಿ ತಿಳಿಸುತ್ತೇವೆ.

ಒಳ್ಳೆಯ ಕಫ ತೆಗೆಯುವ ಕ್ರಮವನ್ನು ಬರೆದ ಹಾಳೆ ಎಲ್ಲ ಕಡೆಯೂ ಇರುತ್ತದೆ. ಹಾಳೆ ಓದಿ ಕೆಮ್ಮಲು ಕಲಿತವರನ್ನು ನಾನು ಹೆಚ್ಚು ಕಂಡಿಲ್ಲ. ಒಬ್ಬ ಅಜ್ಜಿ ಮೂರನೆಯ ಸಲವೂ ನೊರೆ ಉಗುಳನ್ನೇ ತಂದಾಗ ನಾನು ಹೊರಗೆ ಬಂದು, "ಅಜ್ಜಿ, ಇದು ಬಾಯಿಯ ನೀರು. ನಮಗೆ ಎದೆಯೊಳಗಿನದು ಬೇಕು" ಎಂದೆ. "ಬಾಯೆಲ್ಲ ಒಣಗಿಹೋಗಿದೆ ತಾಯಿ, ಇಷ್ಟು ತುಂಬಿಸುವುದರಲ್ಲೇ ಸಾಕಾಯಿತು. ಇನ್ನೆಲ್ಲಿಂದ ತರಲಿ?" ಎಂದರು. ಡಬ್ಬಿ ತುಂಬಬೇಕೆಂದು ಅವರು ಭಾವಿಸಿದ್ದರು. ಕೆಮ್ಮಿದಾಗ ಕಫ ಬರುವುದಿಲ್ಲವೇ ಎಂದು ಕೇಳಿದರೆ, ತಲೆ ತಗ್ಗಿಸಿ, "ಬರುತ್ತದೆ. ಜನರ ಎದುರಿಗೆ ಹೇಗೆ ಕ್ಯಾಕರಿಸಲಿ ಎಂದು ನುಂಗಿಬಿಡುತ್ತೇನೆ" ಎಂದರು. ಅವರನ್ನು ಯಾರೂ ಇಲ್ಲದ, ಗಾಳಿಯಾಡುವ ಬಯಲಿಗೆ ಕರೆದುಕೊಂಡು ಹೋದೆ. ಬರಿಯ ನೀರಿನಿಂದ ಬಾಯಿ ಮುಕ್ಕಳಿಸಿದರು. ಆಳವಾಗಿ ಉಸಿರೆಳೆದುಕೊಂಡು, ಎರಡು ಮೂರು ಸೆಕೆಂಡು ಹಿಡಿದು, ಬಿಟ್ಟು, ಮತ್ತೊಮ್ಮೆ ಎಳೆದುಕೊಂಡು, ಮೂರನೆಯ ಸಲಕ್ಕೆ ಹೊಟ್ಟೆಯಿಂದ ಕೆಮ್ಮುವಂತೆ ಹೇಳಿ ನಾನು ಗಾಳಿ ಬೀಸಿ ಬರುತ್ತಿದ್ದ ದಿಕ್ಕಿನಲ್ಲಿ ದೂರ ನಿಂತೆ. ಗಂಟಲು ಕೆರೆದು ತೆಗೆಯುವ ಸದ್ದೇ ಬೇರೆ, ಎದೆಯಿಂದ ಬರುವ ಕೆಮ್ಮಿನ ಸದ್ದೇ ಬೇರೆ. ದೂರದಿಂದಲೂ ನನಗೆ ಗೊತ್ತಾಯಿತು. ಡಬ್ಬಿಯನ್ನು ತುಟಿಗೆ ಹತ್ತಿರ ಹಿಡಿದು, ಒಂದು ಸಣ್ಣ ಚಮಚದ ಕಾಲುಭಾಗದಷ್ಟು ಗಟ್ಟಿ ಹಳದಿ ಕಫವನ್ನು ಅದರಲ್ಲಿ ಬಿಟ್ಟರು. ಇನ್ನೂ ಒಮ್ಮೆ ಕೆಮ್ಮಿದ ಮೇಲೆ ಸಾಕಾಗುವಷ್ಟು, ಅಂದರೆ 3 ಮಿಲಿಲೀಟರಿನಷ್ಟು, ಸಿಕ್ಕಿತು.

ಇದು ನನ್ನೊಬ್ಬಳ ಅನುಭವವಲ್ಲ. ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಕ್ಷಯದ ಶಂಕೆಯಿದ್ದ ಮಹಿಳೆಯರಲ್ಲಿ ಕೆಲವರಿಗೆ ಕಫ ತೆಗೆಯುವ ಕ್ರಮವನ್ನು ಬಾಯಿಮಾತಿನಲ್ಲಿ ತಿಳಿಸಿಕೊಡಲಾಯಿತು, ಉಳಿದವರನ್ನು ಎಂದಿನಂತೆ ಬಿಡಲಾಯಿತು. ಹೇಳಿಸಿಕೊಳ್ಳದವರಲ್ಲಿ 8% ಮಹಿಳೆಯರ ಸ್ಲೈಡ್ ಪಾಸಿಟಿವ್ ಆದರೆ, ಹೇಳಿಸಿಕೊಂಡವರಲ್ಲಿ 13% ಆಯಿತು. ಹೊಸ ಯಂತ್ರವಿಲ್ಲ, ಹೊಸ ಬಣ್ಣವಿಲ್ಲ. ಕೆಲವು ನಿಮಿಷಗಳ ಮಾತು, ಅಷ್ಟೇ. ಮಾತಾಡಲು ಸಮಯವಿಲ್ಲ ಎನ್ನುವ ಸಹೋದ್ಯೋಗಿಗಳಿಗೆ ನಾನು ಇದನ್ನು ಮತ್ತೆ ಮತ್ತೆ ಹೇಳುತ್ತೇನೆ.

ಕೆಲವು ಸಣ್ಣ ವಿಷಯಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ಬರುವ ಕಫ ಉತ್ತಮ, ಏಕೆಂದರೆ ರಾತ್ರಿಯಿಡೀ ಅದು ಎದೆಯಲ್ಲಿ ಕೂಡಿಕೊಂಡಿರುತ್ತದೆ. ಕ್ರಿಮಿನಾಶಕ ಮೌತ್‌ವಾಶ್ ಬಳಸಬಾರದು, ನಾವು ಹುಡುಕುತ್ತಿರುವ ಬ್ಯಾಕ್ಟೀರಿಯಾವನ್ನೂ ಅದು ಕೊಲ್ಲಬಹುದು. ಸಾಧ್ಯವಿದ್ದಲ್ಲೆಲ್ಲ ಆ್ಯಂಟಿಬಯಾಟಿಕ್‌ನ ಮೊದಲ ಡೋಸ್‌ಗೆ ಮುಂಚೆಯೇ ಕಫ ಕೊಡಬೇಕು. ಆದರೆ ರೋಗಿ ತೀರಾ ಅಸ್ವಸ್ಥರಾಗಿದ್ದರೆ ಕಫಕ್ಕಾಗಿ ಔಷಧವನ್ನು ತಡೆದು ಕೂರಬಾರದು. ಹೆಸರನ್ನು ಮುಚ್ಚಳದ ಮೇಲೆ ಬರೆಯದೆ ಡಬ್ಬಿಯ ಮೈಮೇಲೆ ಬರೆಯಬೇಕು, ಏಕೆಂದರೆ ಹತ್ತು ಡಬ್ಬಿಗಳ ಮುಚ್ಚಳ ತೆಗೆದಿಟ್ಟಾಗ ಯಾವುದು ಯಾರದೆಂದು ಮುಚ್ಚಳ ಹೇಳುವುದಿಲ್ಲ. ಎರಡು ಗಂಟೆಯೊಳಗೆ ಡಬ್ಬಿ ಪ್ರಯೋಗಾಲಯ ಸೇರಬೇಕು. ತಡವಾಗುವುದಾದರೆ ಫ್ರಿಜ್ಜಿನಲ್ಲಿ ಇಡಬೇಕು; ಬಿಸಿಲಿನಲ್ಲಿ ಉಳಿದ ಡಬ್ಬಿಯಲ್ಲಿ ನ್ಯುಮೊಕಾಕಸ್‌ನಂತಹ ನಾಜೂಕಿನ ಬ್ಯಾಕ್ಟೀರಿಯಾ ಸಾಯುತ್ತದೆ, ಬಾಯಿಯಿಂದ ಬೆರೆತವು ಬೆಳೆಯುತ್ತಲೇ ಹೋಗುತ್ತವೆ. ಇನ್ನು ಕಫದ ಹಸಿರು ಬಣ್ಣವನ್ನು ಕಂಡು ಬ್ಯಾಕ್ಟೀರಿಯಾ ಸೋಂಕೇ ಎಂದು ತೀರ್ಮಾನಿಸುವವರಿದ್ದಾರೆ. ಆ ಹಸಿರು ಬಿಳಿ ರಕ್ತಕಣಗಳೊಳಗಿನ ಒಂದು ಕಿಣ್ವದ ಬಣ್ಣ. ಉರಿಯೂತ ಇದೆಯೆಂದು ಅದು ತಿಳಿಸುತ್ತದೆ, ಅದಕ್ಕೆ ಕಾರಣ ಯಾರೆಂದು ತಿಳಿಸುವುದಿಲ್ಲ.

ಕ್ಷಯದ ಪರೀಕ್ಷೆಯನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕೋಚ್ ಕ್ಷಯದ ಬ್ಯಾಸಿಲಸ್ಸನ್ನು ಕಂಡುಹಿಡಿದುದನ್ನು ಪ್ರಕಟಿಸಿದರು. ಆ ಬ್ಯಾಸಿಲಸ್ಸಿನ ಹೊರಕವಚದಲ್ಲಿ ಮೇಣದಂತಹ ಕೊಬ್ಬು ತುಂಬಿರುವುದರಿಂದ ಸಾಮಾನ್ಯ ಬಣ್ಣಗಳು ಅದರೊಳಗೆ ಸುಲಭವಾಗಿ ಇಳಿಯುವುದಿಲ್ಲ. ಒಮ್ಮೆ ಇಳಿದರೆ ಆಮ್ಲ ಹಾಕಿ ತೊಳೆದರೂ ಹೊರಬರುವುದಿಲ್ಲ. ಆ ಹಟವನ್ನೇ ಗುರುತಾಗಿ ಬಳಸುವ ವಿಧಾನಕ್ಕೆ ಜೀಲ್ ಮತ್ತು ನೀಲ್ಸನ್ ಎಂಬ ಇಬ್ಬರು ಜರ್ಮನರ ಹೆಸರಿದೆ. ಕಫವನ್ನು ಸ್ಲೈಡಿನ ಮೇಲೆ ಸುತ್ತುಸುತ್ತಾಗಿ ಹರಡಿ ಒಣಗಿಸುತ್ತೇವೆ. ಅದು ಎಷ್ಟು ದಪ್ಪಗಿರಬೇಕೆಂದು ತಿಳಿಯಲು ನಾವು ಕಲಿತ ಉಪಾಯವೆಂದರೆ, ಒಣಗಿದ ಸ್ಲೈಡನ್ನು ಸುದ್ದಿಪತ್ರಿಕೆಯ ಮೇಲೆ ಸ್ವಲ್ಪ ಎತ್ತರದಲ್ಲಿ ಹಿಡಿದಾಗ ಅಕ್ಷರ ಮಸುಕಾಗಿಯಾದರೂ ಓದಲು ಬರಬೇಕು. ಬಳಿಕ ಕಾರ್ಬಾಲ್ ಫುಕ್ಸಿನ್ ಎಂಬ ಕಡುಗೆಂಪು ಬಣ್ಣ ಸುರಿದು, ಕೆಳಗಿನಿಂದ ಜ್ವಾಲೆ ತಾಗಿಸಿ, ಆವಿ ಏಳುವವರೆಗೆ ಬಿಸಿ ಮಾಡುತ್ತೇವೆ. ಕುದಿಯಬಾರದು, ಒಣಗಲೂಬಾರದು. ಐದು ನಿಮಿಷ ಬಿಟ್ಟು ತೊಳೆದು, 25% ಗಂಧಕಾಮ್ಲ ಹಾಕಿದಾಗ ಬ್ಯಾಸಿಲಸ್ಸಿನದನ್ನು ಬಿಟ್ಟು ಉಳಿದ ಕೆಂಪೆಲ್ಲ ಇಳಿದುಹೋಗುತ್ತದೆ. ಕೊನೆಗೆ ಮಿಥಿಲೀನ್ ಬ್ಲೂ ಹಾಕುತ್ತೇವೆ. 1000 ಪಟ್ಟಿನ ಎಣ್ಣೆ ಮಸೂರದಡಿ ನೋಡಿದಾಗ ಇಡೀ ಫೀಲ್ಡು ತಿಳಿನೀಲಿಯಾಗಿ, ಅದರ ನಡುವೆ ಎಲ್ಲೋ ಒಂದು ಕಡೆ ತುಸು ಬಾಗಿದ, ಕೂದಲೆಳೆಯ ಚೂರಿನಂತಹ ಕೆಂಪು ಗೆರೆ ಕಾಣುತ್ತದೆ. ಉದ್ದ ಮೈಕ್ರಾನುಗಳ ಲೆಕ್ಕದಲ್ಲಿ ಎರಡರಿಂದ ನಾಲ್ಕು. ಎಷ್ಟೋ ವರ್ಷಗಳಿಂದ ನೋಡುತ್ತಿದ್ದರೂ, ಅದು ಕಂಡ ಕ್ಷಣದಲ್ಲಿ ಕೈ ತಾನಾಗಿ ಫೋಕಸ್ ತಿರುಪಿನ ಮೇಲೆ ನಿಂತುಬಿಡುತ್ತದೆ.

ಒಂದು ಸ್ಲೈಡ್ ನೆಗೆಟಿವ್ ಎಂದು ಬರೆಯಬೇಕಾದರೆ ಕನಿಷ್ಠ 100 ಫೀಲ್ಡುಗಳನ್ನು ನೋಡಿರಬೇಕು. 100 ಫೀಲ್ಡುಗಳಲ್ಲಿ 1ರಿಂದ 9 ಬ್ಯಾಸಿಲಸ್ ಕಂಡರೆ ಆ ಸಂಖ್ಯೆಯನ್ನೇ ಬರೆಯುತ್ತೇವೆ. 10ರಿಂದ 99 ಕಂಡರೆ 1+. ಫೀಲ್ಡಿಗೆ 1ರಿಂದ 10 ಇದ್ದರೆ 2+. 10ಕ್ಕಿಂತ ಹೆಚ್ಚಿದ್ದರೆ 3+. ರಿಪೋರ್ಟಿನಲ್ಲಿ ಈ ಪ್ಲಸ್ ಗುರುತುಗಳನ್ನು ಕಂಡು ಹೆದರುವವರಿಗೆ ಇದರ ಅರ್ಥ ತಿಳಿದಿರಲಿ: ಅದು ಕಫದಲ್ಲಿರುವ ಬ್ಯಾಸಿಲಸ್ಸುಗಳ ಲೆಕ್ಕ, ರೋಗ ವಾಸಿಯಾಗುತ್ತದೆಯೋ ಇಲ್ಲವೋ ಎಂಬುದರ ಲೆಕ್ಕವಲ್ಲ. ಒಬ್ಬರು ದಿನಕ್ಕೆ 20-25ಕ್ಕಿಂತ ಹೆಚ್ಚು ಸ್ಲೈಡ್ ನೋಡಬಾರದೆಂಬ ನಿಯಮವೂ ಇದೆ. ಆಯಾಸಗೊಂಡ ಕಣ್ಣಿಗೆ ಇರುವುದು ಕಾಣುವುದಿಲ್ಲ.

ಈ ಪರೀಕ್ಷೆಗೆ ದೊಡ್ಡದೊಂದು ಮಿತಿಯಿದೆ. ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ಬ್ಯಾಸಿಲಸ್ ಇದ್ದರೆ ಮಾತ್ರ ಸ್ಲೈಡಿನಲ್ಲಿ ಒಂದೋ ಎರಡೋ ನಮ್ಮ ಕಣ್ಣಿಗೆ ಬೀಳುವ ಸಾಧ್ಯತೆ. ಹಾಗಾಗಿ ಸ್ಲೈಡ್ ನೆಗೆಟಿವ್ ಎಂದರೆ ಕ್ಷಯ ಇಲ್ಲ ಎಂದಾಗುವುದಿಲ್ಲ, ವಿಶೇಷವಾಗಿ ಎಚ್‌ಐವಿ ಸೋಂಕಿತರಲ್ಲಿ, ಏಕೆಂದರೆ ಅವರ ಕಫದಲ್ಲಿ ಬ್ಯಾಸಿಲಸ್ಸುಗಳ ಸಂಖ್ಯೆ ಹಲವು ಸಲ ಕಡಿಮೆಯೇ ಇರುತ್ತದೆ. ಪಾಸಿಟಿವ್ ಬಂದುದೆಲ್ಲವೂ ಕ್ಷಯವಾಗಬೇಕಿಲ್ಲ ಎಂಬುದೂ ನಿಜ. ಅದೇ ಕುಟುಂಬದ ಬೇರೆ ಬ್ಯಾಕ್ಟೀರಿಯಾಗಳು ನಲ್ಲಿ ನೀರಿನಲ್ಲೂ ಇರುತ್ತವೆ, ಅವೂ ಕೆಂಪಾಗಿಯೇ ಕಾಣುತ್ತವೆ.

ಈ ಮಿತಿಯನ್ನು ಬಹಳ ಮಟ್ಟಿಗೆ ದಾಟಿದ್ದು ಜೀನ್ ಪರೀಕ್ಷೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಅನುಮೋದಿಸಿದ ಜೀನ್‌ಎಕ್ಸ್‌ಪರ್ಟ್ ಯಂತ್ರ ಕಫದಲ್ಲಿ ಕ್ಷಯದ ಡಿಎನ್‌ಎ ಇದೆಯೇ, ರಿಫಾಂಪಿಸಿನ್ ಎಂಬ ಕ್ಷಯದ ಔಷಧಕ್ಕೆ ಆ ಬ್ಯಾಸಿಲಸ್ ಬಗ್ಗುತ್ತದೆಯೇ ಎಂಬ ಎರಡನ್ನೂ ಸುಮಾರು ಎರಡು ಗಂಟೆಗಳಲ್ಲಿ ಹೇಳುತ್ತದೆ. ಮೊದಲು ಔಷಧ ನಿರೋಧವನ್ನು ತಿಳಿಯಲು ತಿಂಗಳುಗಳೇ ಬೇಕಾಗುತ್ತಿದ್ದವು. ಅಷ್ಟರಲ್ಲಿ ಕೆಲಸ ಮಾಡದ ಮಾತ್ರೆಗಳನ್ನು ನುಂಗುತ್ತಾ ರೋಗಿ ಸೊರಗುತ್ತಿದ್ದುದನ್ನು ನೋಡಿದ ನಮಗೆ ಈ ಎರಡು ಗಂಟೆಯ ಬೆಲೆ ಚೆನ್ನಾಗಿ ಗೊತ್ತು. ಆದರೆ ಆ ಯಂತ್ರಕ್ಕೂ ಬೇಕಾದದ್ದು ಎದೆಯ ಕಫವೇ.

ಕಲ್ಚರ್ ಇನ್ನೂ ಸೂಕ್ಷ್ಮ. ಮಿಲಿಲೀಟರಿಗೆ 10ರಿಂದ 100 ಜೀವಂತ ಬ್ಯಾಸಿಲಸ್ ಇದ್ದರೂ ಬೆಳೆಸಬಹುದು. ಸಾಮಾನ್ಯ ಬ್ಯಾಕ್ಟೀರಿಯಾಗಳು ಇಪ್ಪತ್ತು, ಮೂವತ್ತು ನಿಮಿಷಕ್ಕೊಮ್ಮೆ ಎರಡಾದರೆ ಕ್ಷಯದ ಬ್ಯಾಸಿಲಸ್‌ಗೆ ಹೆಚ್ಚು ಕಡಿಮೆ ಒಂದು ದಿನವೇ ಬೇಕು. ಅದಕ್ಕೇ ದ್ರವ ಮಾಧ್ಯಮದಲ್ಲಿ (ಮಾಧ್ಯಮವೆಂದರೆ ಬ್ಯಾಕ್ಟೀರಿಯಾ ಬೆಳೆಸಲು ಹಾಕುವ ಆಹಾರ) 42 ದಿನ, ಮೊಟ್ಟೆಯಿಂದ ಮಾಡಿದ ಹಸಿರು ಮಾಧ್ಯಮದಲ್ಲಿ 8 ವಾರ ಕಾಯದೆ ನೆಗೆಟಿವ್ ಎಂದು ಬರೆಯುವುದಿಲ್ಲ. "ಇಷ್ಟು ದಿನವಾದರೂ ರಿಪೋರ್ಟ್ ಕೊಟ್ಟಿಲ್ಲ" ಎಂದು ಬೇಸರಿಸುವವರಿಗೆ ಬ್ಯಾಸಿಲಸ್ಸಿನ ಈ ನಿಧಾನವನ್ನು ವಿವರಿಸಿದರೆ ಅರ್ಥ ಮಾಡಿಕೊಳ್ಳುತ್ತಾರೆ. ನ್ಯುಮೋನಿಯಾದ ಸಾಮಾನ್ಯ ಕಲ್ಚರ್ ಎರಡು ಮೂರು ದಿನಗಳ ಕೆಲಸ. ರಕ್ತ ಬೆರೆಸಿದ ಮಾಧ್ಯಮದ ಮೇಲೆ ನ್ಯುಮೊಕಾಕಸ್ ತನ್ನ ಸುತ್ತ ಹಸಿರು ಛಾಯೆ ಬಿಟ್ಟು ಬೆಳೆಯುತ್ತದೆ, ಮೆಕಾಂಕಿ ಮಾಧ್ಯಮದ ಮೇಲೆ ಕ್ಲೆಬ್ಸಿಯೆಲ್ಲಾ ಗುಲಾಬಿ ಬಣ್ಣದ ಲೋಳೆ ಲೋಳೆಯಾದ ಗುಡ್ಡೆಗಳಾಗಿ ಬೆಳೆಯುತ್ತದೆ. ಬಳಿಕ ಔಷಧದ ಬಿಲ್ಲೆಗಳನ್ನಿಟ್ಟು, ಸುತ್ತಲೂ ಬೆಳೆ ಇಲ್ಲದ ವೃತ್ತದ ಅಗಲವನ್ನು ಮಿಲಿಮೀಟರಿನಲ್ಲಿ ಅಳೆದು, ಯಾವ ಔಷಧ ಕೆಲಸ ಮಾಡುತ್ತದೆಂದು ಬರೆಯುತ್ತೇವೆ. ಕ್ಯಾಂಡಿಡಾ ಎಂಬ ಶಿಲೀಂಧ್ರವೂ ಎಷ್ಟೋ ಸಲ ಬೆಳೆಯುತ್ತದೆ, ಬಹುತೇಕ ಅದು ಬಾಯಿಯಿಂದ ಬಂದದ್ದು. ಅದರ ಹೆಸರು ರಿಪೋರ್ಟಿನಲ್ಲಿದೆ ಎಂದು ಶಿಲೀಂಧ್ರದ ಔಷಧ ಶುರು ಮಾಡಬೇಕಾಗಿಲ್ಲ. ನ್ಯುಮೋನಿಯಾ ತರುವ ಇನ್ನೆರಡು ಬ್ಯಾಕ್ಟೀರಿಯಾಗಳಲ್ಲಿ ಮೈಕೋಪ್ಲಾಸ್ಮಾಕ್ಕೆ ಕೋಶಭಿತ್ತಿಯೇ ಇಲ್ಲದಿರುವುದರಿಂದ ಗ್ರಾಂ ಬಣ್ಣದಲ್ಲಿ ಅದು ಕಾಣುವುದೇ ಇಲ್ಲ, ಲೀಜಿಯೊನೆಲ್ಲಾಕ್ಕೆ ಬೇರೆಯೇ ಮಾಧ್ಯಮ ಬೇಕು. ಆದ್ದರಿಂದ ಯಾವುದರ ಶಂಕೆಯಿದೆ ಎಂದು ವೈದ್ಯರು ಚೀಟಿಯಲ್ಲಿ ಬರೆದರೆ ನಮ್ಮ ಹುಡುಕಾಟ ಸರಿಯಾದ ದಿಕ್ಕಿನಲ್ಲಿ ಸಾಗುತ್ತದೆ.

ಕಫವೇ ಬಾರದವರಿಗೂ ದಾರಿಯಿದೆ. 3ರಿಂದ 5% ಉಪ್ಪುನೀರಿನ ಆವಿಯನ್ನು ನೆಬ್ಯುಲೈಸರ್ ಮೂಲಕ ಕೊಟ್ಟರೆ ಒಣ ಕೆಮ್ಮಿನವರಲ್ಲೂ ಸ್ವಲ್ಪ ಕಫ ಸಡಿಲವಾಗಿ ಬರುತ್ತದೆ. ಚಿಕ್ಕ ಮಕ್ಕಳು ಕಫವನ್ನು ನುಂಗಿಬಿಡುವುದರಿಂದ ಅವರ ಹೊಟ್ಟೆಯ ದ್ರವವನ್ನು ಬೆಳಗಿನ ಹೊತ್ತು ಕೊಳವೆಯಿಂದ ತೆಗೆಯುತ್ತಾರೆ. ಈಚೆಗೆ ಮಲದ ಮೇಲೆಯೇ ಕ್ಷಯದ ಜೀನ್ ಪರೀಕ್ಷೆ ಮಾಡುವುದೂ ಬಂದಿರುವುದು ಮಕ್ಕಳ ಪಾಲಿಗೆ ದೊಡ್ಡ ನೆಮ್ಮದಿ.

ಆ ಅಜ್ಜಿಯ ಸ್ಲೈಡು 2+ ಬಂತು. ಔಷಧ ಶುರುವಾಗಿ ಎರಡು ತಿಂಗಳ ನಂತರ ಮತ್ತೆ ಡಬ್ಬಿ ಹಿಡಿದು ಬಂದಾಗ, "ಈಗ ಕಫವೇ ಇಲ್ಲ ತಾಯಿ, ಏನು ಕೊಡಲಿ?" ಎಂದರು. ಕಫ ನಿಂತಿರುವುದೇ ಒಳ್ಳೆಯ ಲಕ್ಷಣ, ಆದರೂ ಬೆಳಿಗ್ಗೆ ಎದ್ದಾಗ ಬಂದಷ್ಟು ತನ್ನಿ ಎಂದೆ. ಔಷಧ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಜೀನ್ ಯಂತ್ರ ಹೊಂದುವುದಿಲ್ಲ, ಸತ್ತ ಬ್ಯಾಸಿಲಸ್ಸಿನ ಡಿಎನ್‌ಎ ಸಿಕ್ಕರೂ ಅದು ಪಾಸಿಟಿವ್ ಎಂದೇ ಹೇಳುತ್ತದೆ. ಅದಕ್ಕೆ ಈಗಲೂ ಹಳೆಯ ಕೆಂಪು ಬಣ್ಣದ ಸ್ಲೈಡು ಮತ್ತು ಕಲ್ಚರ್ ಬೇಕು. ಮರುದಿನ ಅವರು ತಂದ ಡಬ್ಬಿಯ ತಳದಲ್ಲಿ ಸ್ವಲ್ಪವೇ ಸ್ವಲ್ಪ ಬಿಳಿ ಕಫವಿತ್ತು, ವಾಲಿಸಿದರೆ ನಿಧಾನವಾಗಿ ಜಾರಿತು. 100 ಫೀಲ್ಡುಗಳನ್ನು ನೋಡಿದೆ, ಮನಸ್ಸು ತಡೆಯದೆ ಇನ್ನೂ 100 ನೋಡಿದೆ. ಎಲ್ಲವೂ ತಿಳಿನೀಲಿಯಾಗಿತ್ತು.